ತಂತಿಯಿಲ್ಲದ ಪೇಸ್‌ಮೇಕರ್: ಯಾರಿಗೆ ಸಲ್ಲುವುದು, ಹೃದಯದಲ್ಲಿ ಎಲ್ಲಿ ನೆಲೆಗೊಳ್ಳಬೇಕು?



ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನವುಲೆಯ ನಮ್ಮ ಚಿಕಿತ್ಸಾಲಯಕ್ಕೆ ಎಪ್ಪತ್ತಾರು ವರ್ಷದ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಸೊಸೆ ಕೈಹಿಡಿದು ಕರೆತಂದರು. ಸ್ನಾನದ ಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಿದ್ದರು, ಹಣೆಯಲ್ಲಿ ಗಾಯವಾಗಿತ್ತು. ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತಾರು. ಕೂಡಲೇ ಇ.ಸಿ.ಜಿ. ಮಾಡಿಸಲು ಕಳುಹಿಸಿದೆ. ಹೃದಯದ ಮೇಲಿನ ಕೋಣೆಗಳ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪುತ್ತಿರಲಿಲ್ಲ. ವೈದ್ಯರು ಇದನ್ನು ‘ಸಂಪೂರ್ಣ ಹಾರ್ಟ್ ಬ್ಲಾಕ್’ ಎನ್ನುವರು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅದೇ ಹಿರಿಯರು ನಾಲ್ಕು ತಿಂಗಳ ಹಿಂದೆಯೂ ತಲೆಸುತ್ತೆಂದು ನನ್ನ ಬಳಿಗೆ ಬಂದಿದ್ದರು. ಅಂದು ನಾಡಿ ಸಹಜವಾಗಿತ್ತು. ನಿದ್ರೆಗೇಡು, ಪಿತ್ತದ ಉದ್ರೇಕ ಎಂದು ಬಗೆದು ಚೂರ್ಣ, ಕಷಾಯ ಕೊಟ್ಟು ಕಳುಹಿಸಿದ್ದೆ. ಹಾರ್ಟ್ ಬ್ಲಾಕ್ ಆರಂಭದಲ್ಲಿ ಬಂದು ಹೋಗುವ ಸ್ವಭಾವದ್ದು. ವೈದ್ಯನೆದುರು ಕುಳಿತಾಗ ನಾಡಿ ಸರಿಯಿದ್ದುದರಿಂದಲೇ ಹೃದಯ ಸರಿಯಿದೆ ಎನ್ನಲಾಗದು. ಅಂದೇ ಒಂದು ಇ.ಸಿ.ಜಿ. ಮಾಡಿಸಿದ್ದರೆ ಬಹುಶಃ ಆ ಬೀಳುವಿಕೆ ತಪ್ಪುತ್ತಿತ್ತು. ನಲವತ್ತು ವರ್ಷಗಳಿಗೆ ಸಮೀಪವಾದ ವೃತ್ತಿಯಲ್ಲಿ ಇದೊಂದು ಪಾಠವಾಗಿ ಉಳಿದಿದೆ.

ಅಂದು ಸಂಜೆ ಬೆಂಗಳೂರಿನಲ್ಲಿರುವ ಅವರ ಮಗ ದೂರವಾಣಿ ಮಾಡಿದರು. “ಡಾಕ್ಟ್ರೇ, ತಂತಿಯೇ ಇಲ್ಲದ ಪೇಸ್‌ಮೇಕರ್ ಬಂದಿದೆಯಂತೆ. ಮಾತ್ರೆಯಷ್ಟು ಚಿಕ್ಕದಂತೆ. ಎಷ್ಟು ಖರ್ಚಾದರೂ ಚಿಂತೆಯಿಲ್ಲ, ಅಪ್ಪನಿಗೆ ಅದನ್ನೇ ಹಾಕಿಸೋಣವೇ?” ಎಂದು ಕೇಳಿದರು. ಆ ಪ್ರಶ್ನೆಗೆ ಹೃದ್ರೋಗ ತಜ್ಞರಿಂದ ಕೇಳಿ, ಓದಿ ತಿಳಿದ ಉತ್ತರವೇ ಈ ತಿಂಗಳ ಲೇಖನ.

ಹೃದಯದ ಲಯ

ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿದ ಬಡಿತ. ಹೃದಯದ ಕಾಯಕಕ್ಕೆ ಬಿಡುವೆಂಬುದಿಲ್ಲ. ಆಯುರ್ವೇದವು ಹೇಳುವ 107 ಮರ್ಮಗಳಲ್ಲಿ ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ಚರಕಾಚಾರ್ಯರು ಪ್ರಧಾನವೆಂದು ಪರಿಗಣಿಸಿದರು. ಸುಶ್ರುತರು ಹೃದಯವನ್ನು ಸದ್ಯಃಪ್ರಾಣಹರ ಮರ್ಮಗಳ ಸಾಲಿನಲ್ಲಿಟ್ಟರು. ಅಲ್ಲಿ ಪೆಟ್ಟಾದರೆ ಪ್ರಾಣಕ್ಕೆ ಅಪಾಯ ತಡವಾಗಿ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ.

ಹೃದಯದಲ್ಲಿ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದಲ್ಲಿರುವ ಒಂದು ಸಣ್ಣ ಅಂಗಾಂಶದ ಗಂಟು ತಾನಾಗಿಯೇ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಅದು ಮೊದಲು ಮೇಲಿನ ಕೋಣೆಗಳನ್ನು ಸಂಕುಚಿಸಿ, ನಡುವಿನ ಎರಡನೆಯ ಗಂಟಿನಲ್ಲಿ ಕ್ಷಣಮಾತ್ರ ತಡೆದು, ಬಳಿಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೊದಲು ಮೇಲೆ, ಆಮೇಲೆ ಕೆಳಗೆ ಎಂಬ ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದನ್ನೇ ಅವಲಂಬಿಸಿದೆ.

ವಯಸ್ಸಾದಂತೆ ಮೊದಲ ಗಂಟು ಬಳಲಬಹುದು, ಇಲ್ಲವೇ ನಡುವಿನ ದಾರಿ ಕೆಡಬಹುದು. ಆಗ ಬಡಿತ ನಿಧಾನವಾಗಿ ಆಯಾಸ, ತಲೆಸುತ್ತು, ಉಬ್ಬಸ, ಮೂರ್ಛೆ ಕಾಣಿಸಿಕೊಳ್ಳುತ್ತವೆ. ಆದರೆ ನಿಧಾನ ನಾಡಿಗೆಲ್ಲ ಪೇಸ್‌ಮೇಕರ್ ಬೇಕಿಲ್ಲ. ಥೈರಾಯ್ಡ್ ಕೊರತೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆ, ರಕ್ತದೊತ್ತಡಕ್ಕೆ ಸೇವಿಸುವ ಕೆಲವು ಮಾತ್ರೆಗಳು ಸಹ ಬಡಿತವನ್ನು ತಗ್ಗಿಸುತ್ತವೆ. ಇಂತಹ ಕಾರಣಗಳನ್ನು ಮೊದಲು ಪರಿಹರಿಸಬೇಕು.

ತಂತಿಯಿಂದ ತಂತಿರಹಿತದವರೆಗೆ

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನಿಂಗ್ ಅವರು, ತಂತ್ರಜ್ಞ ರೂನೆ ಎಲ್ಮ್‌ಕ್ವಿಸ್ಟ್ ರೂಪಿಸಿದ ಪೇಸ್‌ಮೇಕರನ್ನು ಮೊತ್ತಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಇರಿಸಿದರು. ರೋಗಿ ಆರ್ನೆ ಲಾರ್ಸನ್. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಅವರು ಜೀವಿತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡು 86 ವರ್ಷ ಬಾಳಿ, 2001ರಲ್ಲಿ ತೀರಿಕೊಂಡರು.

ಇಂದಿಗೂ ಬಹುತೇಕ ರೋಗಿಗಳಿಗೆ ಅಳವಡಿಸುವುದು ತಂತಿಯುಳ್ಳ ಪೇಸ್‌ಮೇಕರನ್ನೇ. ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಒಂದು ಚೀಲದಂತೆ ಜಾಗ ಮಾಡಿ ಯಂತ್ರವನ್ನಿಡುತ್ತಾರೆ. ಅಲ್ಲಿಂದ ಒಂದೆರಡು ತಂತಿಗಳು ಅಭಿಧಮನಿಯ ಮೂಲಕ ಹೃದಯವನ್ನು ಸೇರುತ್ತವೆ. ಇವನ್ನು ವೈದ್ಯರು ‘ಲೀಡ್’ ಎನ್ನುತ್ತಾರೆ. ಈ ವ್ಯವಸ್ಥೆ ದಶಕಗಳಿಂದ ಕೋಟ್ಯಂತರ ಬಡಿತಗಳನ್ನು ಕಾದಿದೆ. ಆದರೆ ಅದರ ದುರ್ಬಲ ಅಂಗವೂ ತಂತಿಯೇ. ತಂತಿ ಸರಿಯಬಹುದು, ಒಳಗೆ ಸೀಳಬಹುದು, ರಕ್ತನಾಳವನ್ನು ಮುಚ್ಚಬಹುದು. ಚೀಲದಲ್ಲಿ ಸೋಂಕು ತಗಲಿದರೆ ತಂತಿಯ ಗುಂಟ ಹೃದಯಕ್ಕೇ ಇಳಿಯಬಹುದು. ಆಗ ವರ್ಷಗಳಿಂದ ಅಂಟಿಕೊಂಡ ತಂತಿಯನ್ನು ಕಿತ್ತು ತೆಗೆಯುವುದೇ ದೊಡ್ಡ ಚಿಕಿತ್ಸೆಯಾಗುತ್ತದೆ.

ತಂತಿಯನ್ನೂ ಚೀಲವನ್ನೂ ಬಿಟ್ಟು, ಇಡೀ ಯಂತ್ರವನ್ನು ಹೃದಯದೊಳಗೇ ನಿಲ್ಲಿಸಿದರೆ ಹೇಗೆ? ಈ ವಿಚಾರ 2012ರ ಕೊನೆಯಲ್ಲಿ ‘ನ್ಯಾನೋಸ್ಟಿಮ್’ ಎಂಬ ಸಾಧನದ ಮೂಲಕ ಮನುಷ್ಯರಲ್ಲಿ ಕಾರ್ಯಗತವಾಯಿತು. ಕೆಲವರಲ್ಲಿ ಬ್ಯಾಟರಿ ಹಠಾತ್ತನೆ ನಿಂತುದರಿಂದ 2016ರಲ್ಲಿ ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. 2013ರ ಡಿಸೆಂಬರಿನಲ್ಲಿ ಆಸ್ಟ್ರಿಯಾದ ಲಿಂಜ್ ನಗರದಲ್ಲಿ ‘ಮೈಕ್ರಾ’ ಮೊದಲ ಬಾರಿಗೆ ಅಳವಡಿಕೆಯಾಗಿ, 2016ರ ಏಪ್ರಿಲ್‌ನಲ್ಲಿ ಅಮೆರಿಕದ ಅನುಮತಿ ಪಡೆಯಿತು. 2022ರಲ್ಲಿ ‘ಅವೇರ್’ ಬಂದಿತು. ಮೈಕ್ರಾದ ಉದ್ದ ಸುಮಾರು 26 ಮಿಲಿಮೀಟರ್, ದಪ್ಪ 7 ಮಿಲಿಮೀಟರ್‌ಗಿಂತ ಕೊಂಚ ಕಡಿಮೆ, ತೂಕ ಸುಮಾರು ಎರಡು ಗ್ರಾಂ. ದೊಡ್ಡ ಗಾತ್ರದ ಕ್ಯಾಪ್ಸೂಲ್ ಮಾತ್ರೆಯಷ್ಟೇ. ಬ್ಯಾಟರಿಯ ಅಂದಾಜು ಆಯುಷ್ಯ ಸುಮಾರು ಹನ್ನೆರಡು ವರ್ಷ. ಎಷ್ಟು ಬಡಿತಗಳಿಗೆ ಅದು ನೆರವಾಗಬೇಕೆಂಬುದರ ಮೇಲೆ ಇದು ಹೆಚ್ಚು ಕಡಿಮೆಯಾಗುವುದು.

ಅಳವಡಿಸುವ ಬಗೆ

ಎದೆಯನ್ನು ಕೊಯ್ಯುವುದಿಲ್ಲ. ಕ್ಯಾಥ್ ಲ್ಯಾಬ್‌ನಲ್ಲಿ ರೋಗಿಯನ್ನು ಮಲಗಿಸಿ, ಸಾಮಾನ್ಯವಾಗಿ ಬಲ ತೊಡೆಸಂದಿಯನ್ನು ಮರಗಟ್ಟಿಸಿ, ಅಲ್ಲಿನ ದೊಡ್ಡ ಅಭಿಧಮನಿಯೊಳಕ್ಕೆ ನಳಿಕೆಯೊಂದನ್ನು ತೂರಿಸುತ್ತಾರೆ. ಈ ನಳಿಕೆಯ ಹೊರ ಅಗಲ ಸುಮಾರು 9 ಮಿಲಿಮೀಟರ್, ಅಂದರೆ ಕಿರುಬೆರಳಿಗಿಂತ ತುಸು ತೆಳು. ಆದಕಾರಣ ಸಾಧನ ಚಿಕ್ಕದಾದರೂ ಅದು ಸಾಗುವ ದಾರಿ ಚಿಕ್ಕದಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಅಭಿಧಮನಿಯನ್ನು ಚುಚ್ಚಿದರೆ ಪಕ್ಕದ ಅಪಧಮನಿಗೆ ಗಾಯವಾಗುವ ಸಂಭವ ತಗ್ಗುತ್ತದೆ.

ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ, ಸಾಧನವನ್ನು ತುದಿಯಲ್ಲಿ ಹೊತ್ತ ಕೊಳವೆಯನ್ನು ಬಲ ಹೃತ್ಕರ್ಣಕ್ಕೆ ಏರಿಸಿ, ಕವಾಟವನ್ನು ದಾಟಿಸಿ, ಬಲ ಹೃತ್ಕುಕ್ಷಿಗೆ ತರುತ್ತಾರೆ. ಮೈಕ್ರಾದ ತುದಿಯಲ್ಲಿ ನಿಟಿನಾಲ್ ಎಂಬ ಮಿಶ್ರಲೋಹದ ನಾಲ್ಕು ಬಾಗಿದ ಕೊಕ್ಕೆಗಳಿವೆ. ಅವು ಸ್ನಾಯುವಿನ ಒಳಪದರದಲ್ಲಿ ಸಿಕ್ಕಿಕೊಂಡು ಹಿಡಿಯುತ್ತವೆ. ಅವೇರ್ ಸಾಧನ ತಿರುಪಿನಂತೆ ಸ್ನಾಯುವಿನೊಳಗೆ ತಿರುಗಿ ನಿಲ್ಲುತ್ತದೆ; ತಿರುಪುವ ಮೊದಲೇ ಆ ಜಾಗದ ವಿದ್ಯುತ್ ಗುಣವನ್ನು ಅಳೆದು ನೋಡಲು ಅದರಲ್ಲಿ ಅವಕಾಶವಿದೆ.

ನೆಲೆಯ ಆಯ್ಕೆಯೇ ಮುಖ್ಯ

ಈ ಚಿಕಿತ್ಸೆಯ ಸುರಕ್ಷತೆಯ ಬಹುಪಾಲು ಒಂದು ಪ್ರಶ್ನೆಯಲ್ಲಿದೆ: ಬಲ ಹೃತ್ಕುಕ್ಷಿಯ ಯಾವ ಗೋಡೆಗೆ ಸಾಧನವನ್ನು ನಿಲ್ಲಿಸಿದರು?

ಬಲ ಹೃತ್ಕುಕ್ಷಿಯ ಹೊರಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದರಾಚೆ ಹೃದಯಾವರಣದ ಚೀಲ. ಕೆಳತುದಿಯೂ ತೆಳುವೇ. ಎರಡು ಹೃತ್ಕುಕ್ಷಿಗಳ ನಡುವಿನ ವಿಭಾಜಕ ಗೋಡೆ ಮಾತ್ರ ದಪ್ಪ; ಅದರ ಆಚೆ ಬದಿಯಲ್ಲೂ ಹೃದಯವೇ ಇದೆ. ಆದಕಾರಣ ತಜ್ಞರು ವಿಭಾಜಕ ಗೋಡೆಯ ನಡುಭಾಗವನ್ನು ಅರಸುತ್ತಾರೆ. ಎಕ್ಸ್‌ರೇಯಲ್ಲಿ ಮೂರು ಆಯಾಮದ ಹೃದಯ ಚಪ್ಪಟೆಯಾಗಿ ಕಾಣುವುದರಿಂದ ಒಂದೇ ಕೋನದ ನೋಟ ಮೋಸಗೊಳಿಸಬಹುದು. ಕೊಳವೆಯ ಮೂಲಕ ಬಣ್ಣದ ದ್ರವ ಹಾಯಿಸಿ, ಬಲದಿಂದಲೂ ಎಡದಿಂದಲೂ ಎರಡು ಓರೆನೋಟಗಳಲ್ಲಿ ಜಾಗವನ್ನು ಖಚಿತಪಡಿಸಿಕೊಂಡ ಮೇಲೆಯೇ ಸಾಧನವನ್ನು ಬಿಡುವುದು ಕ್ರಮ.

ಬಿಟ್ಟ ಮೇಲೆಯೂ ಅದು ಕೊಳವೆಗೆ ಒಂದು ದಾರದಿಂದ ಕಟ್ಟಿಕೊಂಡಿರುತ್ತದೆ. ಆ ದಾರವನ್ನು ಮೆಲ್ಲಗೆ ಎಳೆದು, ನಾಲ್ಕರಲ್ಲಿ ಕನಿಷ್ಠ ಎರಡು ಕೊಕ್ಕೆಗಳಾದರೂ ಬಿಗಿಯಾಗಿ ಹಿಡಿದಿವೆಯೇ ಎಂದು ಪರದೆಯಲ್ಲಿ ನೋಡುತ್ತಾರೆ. ಹೃದಯದ ಸ್ವಂತ ಸಂಕೇತ ಸಾಧನಕ್ಕೆ ಸ್ಪಷ್ಟವಾಗಿ ಕೇಳಿಸುತ್ತಿದೆಯೇ, ಕಡಿಮೆ ವಿದ್ಯುತ್ತಿನಲ್ಲಿ ಹೃದಯ ಓಗೊಡುತ್ತಿದೆಯೇ ಎಂದು ಅಳೆಯುತ್ತಾರೆ. ಹೆಚ್ಚು ವಿದ್ಯುತ್ ಬೇಡುವ ಜಾಗದಲ್ಲಿ ನಿಲ್ಲಿಸಿದರೆ ಬ್ಯಾಟರಿ ಬೇಗ ಬರಿದಾಗುವುದು. ತೃಪ್ತಿಯಾಗದಿದ್ದರೆ ಸಾಧನವನ್ನು ಮತ್ತೆ ಕೊಳವೆಯೊಳಗೆ ಸೆಳೆದು ಬೇರೆ ಜಾಗ ನೋಡಬಹುದು. ಎಲ್ಲವೂ ಸರಿಯೆನಿಸಿದ ಮೇಲಷ್ಟೇ ದಾರವನ್ನು ಕತ್ತರಿಸುವರು. ಆದರೆ ಮತ್ತೆ ಮತ್ತೆ ಜಾಗ ಬದಲಿಸಿದಷ್ಟೂ ಗೋಡೆಗೆ ಪೆಟ್ಟಾಗುವ ಸಂಭವ ಏರುವುದರಿಂದ, ಮೊದಲ ಆಯ್ಕೆಯಲ್ಲೇ ತಾಳ್ಮೆ ಬೇಕು.

ಅಂಕಿಗಳು ಹೇಳುವುದೇನು?

ಮೈಕ್ರಾದ ಮುಖ್ಯ ಅಧ್ಯಯನದಲ್ಲಿ 725 ರೋಗಿಗಳಿಗೆ ಅಳವಡಿಕೆಗೆ ಯತ್ನಿಸಲಾಯಿತು. 719 ಮಂದಿಯಲ್ಲಿ ಅದು ಯಶಸ್ವಿಯಾಯಿತು. ಆರು ತಿಂಗಳಲ್ಲಿ ಶೇ. 4ರಷ್ಟು ಮಂದಿಗೆ ಗಂಭೀರ ತೊಡಕಾಯಿತು. ಸಾಧನ ಕಳಚಿ ಸರಿದ ಒಂದು ಪ್ರಕರಣವೂ ಇರಲಿಲ್ಲ. ಹೃದಯದ ಗೋಡೆಗೆ ಗಾಯವಾದದ್ದು ಶೇ. 1.6ರಷ್ಟು ಮಂದಿಯಲ್ಲಿ.

ಅನಂತರ ಅಮೆರಿಕದ ಹಿರಿಯ ನಾಗರಿಕರ ವಿಮಾ ದಾಖಲೆಗಳಲ್ಲಿ ಎರಡೂ ಬಗೆಯ ಒಂದು ಕೋಣೆಯ ಪೇಸ್‌ಮೇಕರ್‌ಗಳನ್ನು ಹೋಲಿಸಿ ನೋಡಿದರು. ಮೊದಲ 30 ದಿನಗಳಲ್ಲಿ ಹೃದಯದ ಗೋಡೆ ತೂತಾಗುವುದು ಅಥವಾ ಹೃದಯಾವರಣದಲ್ಲಿ ದ್ರವ ತುಂಬುವುದು ತಂತಿರಹಿತದಲ್ಲಿ ಶೇ. 0.8, ತಂತಿಯುಳ್ಳದ್ದರಲ್ಲಿ ಶೇ. 0.4. ಎರಡು ವರ್ಷಗಳ ಲೆಕ್ಕದಲ್ಲಿ ಚಿತ್ರ ಬದಲಾಯಿತು. ದೀರ್ಘಕಾಲದ ತೊಡಕುಗಳು ತಂತಿರಹಿತದಲ್ಲಿ ಶೇ. 31ರಷ್ಟು, ಮರುಚಿಕಿತ್ಸೆಯ ಅಗತ್ಯ ಶೇ. 38ರಷ್ಟು ಕಡಿಮೆಯಿದ್ದವು.

ಇದರ ಅರ್ಥ ಸರಳ. ತಂತಿರಹಿತ ಸಾಧನದ ಅಪಾಯ ಅಳವಡಿಕೆಯ ದಿನದಲ್ಲಿ ಕೂಡಿಕೊಂಡಿದೆ. ತಂತಿಯುಳ್ಳದ್ದರ ಅಪಾಯ ವರ್ಷಗಳುದ್ದಕ್ಕೂ ಹರಡಿದೆ. 2021ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯರಿಗೆ ಪತ್ರ ಬರೆದು, ತಂತಿರಹಿತ ಅಳವಡಿಕೆಯಲ್ಲಿ ಗೋಡೆ ತೂತಾದರೆ ಪರಿಣಾಮ ಹೆಚ್ಚು ಗಂಭೀರವಾಗುವಂತೆ ತೋರುತ್ತದೆಂದು ಎಚ್ಚರಿಸಿತು. ರಕ್ತ ಹೃದಯಾವರಣದಲ್ಲಿ ತುಂಬಿ ಹೃದಯವನ್ನು ಅದುಮಿದರೆ ನಿಮಿಷಗಳಲ್ಲಿ ಅದನ್ನು ಹೊರತೆಗೆಯಬೇಕು. ಕೆಲವೊಮ್ಮೆ ಎದೆ ತೆರೆದು ಹೊಲಿಗೆ ಹಾಕಬೇಕು. ತೀರ ವಯಸ್ಸಾದವರು, ಕೃಶ ದೇಹದ ಮಹಿಳೆಯರು, ದೀರ್ಘಕಾಲದ ಶ್ವಾಸಕೋಶ ರೋಗವುಳ್ಳವರು ಈ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕಾದವರು.

ಆದುದರಿಂದ ನಮ್ಮ ಜಿಲ್ಲೆಯವರು ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೆ ಹೋಗಲಿ, ಬೆಂಗಳೂರಿಗೇ ಹೋಗಲಿ, ಕೇಳಬೇಕಾದ ಮೊದಲ ಪ್ರಶ್ನೆಗಳು ಇವು: “ತಾವು ಈ ಸಾಧನವನ್ನು ಎಷ್ಟು ಜನರಿಗೆ ಅಳವಡಿಸಿದ್ದೀರಿ? ತುರ್ತು ಬಂದರೆ ಹೃದಯ ಶಸ್ತ್ರವೈದ್ಯರು ಇದೇ ಆಸ್ಪತ್ರೆಯಲ್ಲಿ ಲಭ್ಯರೇ?” ಹೀಗೆ ಕೇಳುವುದು ಅವಿನಯವಲ್ಲ. ಒಳ್ಳೆಯ ವೈದ್ಯರು ಸಂತೋಷದಿಂದ ಉತ್ತರಿಸುತ್ತಾರೆ.

ಇಬ್ಬರು ರೋಗಿಗಳು, ಎರಡು ಉತ್ತರಗಳು

ನಮ್ಮ ಶಿಕ್ಷಕರಿಗೆ ಹೃದ್ರೋಗ ತಜ್ಞರು ತಂತಿರಹಿತ ಸಾಧನ ಬೇಡವೆಂದರು. ಅವರ ಮೇಲಿನ ಕೋಣೆಗಳು ಕ್ರಮವಾಗಿಯೇ ಬಡಿಯುತ್ತಿದ್ದವು. ಕೆಟ್ಟಿದ್ದು ನಡುವಿನ ದಾರಿ. ಹೃತ್ಕುಕ್ಷಿಯಲ್ಲಿ ಮಾತ್ರ ಕೂರುವ ಸಾಮಾನ್ಯ ತಂತಿರಹಿತ ಸಾಧನ ಕೆಳಗಿನ ಕೋಣೆಯನ್ನಷ್ಟೇ ಬಡಿಸುತ್ತದೆ. ಮೊದಲು ಮೇಲೆ, ಆಮೇಲೆ ಕೆಳಗೆ ಎಂಬ ಕ್ರಮ ಉಳಿಯದು. ಎರಡು ತಂತಿಗಳ ಪೇಸ್‌ಮೇಕರ್ ಆ ಕ್ರಮವನ್ನು ಚೆನ್ನಾಗಿ ಕಾಯುತ್ತದೆ. ಮೇಲಿನ ಕೋಣೆಯ ಚಲನೆಯನ್ನು ಗ್ರಹಿಸಿ ನಡೆಯುವ ಮೈಕ್ರಾ 2020ರಲ್ಲೂ, ಎರಡು ಕೋಣೆಗಳಲ್ಲಿ ಎರಡು ಸಾಧನಗಳನ್ನಿಡುವ ಅವೇರ್ 2023ರಲ್ಲೂ ಅಮೆರಿಕದ ಅನುಮತಿ ಪಡೆದಿವೆ. ಆದರೂ ಈ ಹಿರಿಯರಲ್ಲಿ ತಂತಿಯನ್ನು ತಪ್ಪಿಸಲು ಯಾವ ವಿಶೇಷ ಕಾರಣವೂ ಇರಲಿಲ್ಲ. ತಂತಿಯುಳ್ಳದ್ದನ್ನೇ ಹಾಕಿದರು. ಈಗ ಅವರು ಪ್ರತಿದಿನ ಬೆಳಿಗ್ಗೆ ಸವಳಂಗ ರಸ್ತೆಯಲ್ಲಿ ನಡೆದುಬರುತ್ತಾರೆ.

ಭದ್ರಾವತಿಯ ತಾಯಿಯೊಬ್ಬರದು ಬೇರೆಯೇ ಕಥೆ. ಅವರ ಪತಿ ಕಬ್ಬಿಣದ ಕಾರ್ಖಾನೆಯ ನಿವೃತ್ತ ಕಾರ್ಮಿಕರು. ಈಕೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೇಲಿನ ಕೋಣೆಗಳು ಶಾಶ್ವತವಾಗಿ ಲಯ ತಪ್ಪಿ ಕಂಪಿಸುತ್ತಿದ್ದುವು. ನಡುನಡುವೆ ಬಡಿತ ಕ್ಷಣಗಳ ಕಾಲ ನಿಲ್ಲುತ್ತಿತ್ತು. ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳವನ್ನು ಕಾಪಾಡಬೇಕಿತ್ತು, ಕುತ್ತಿಗೆಯ ನಾಳಗಳು ಹಿಂದಿನ ನಳಿಕೆಗಳಿಂದ ಕಿರಿದಾಗಿದ್ದವು, ಸೋಂಕಿನ ಭಯ ಸದಾ ಇತ್ತು. “ಇನ್ನೊಂದು ಯಂತ್ರ ನನಗೆ ಬೇಡ ಸ್ವಾಮಿ, ಇರುವ ಸೂಜಿಗಳೇ ಸಾಕು” ಎಂದು ಅತ್ತರು. ಮೇಲಿನ ಕೋಣೆಯ ಕ್ರಮ ಹೇಗೂ ಕಳೆದುಹೋಗಿದ್ದುದರಿಂದ ಕೆಳಗೊಂದೇ ಸಾಧನ ಸಾಕಿತ್ತು. ತಂತಿಯನ್ನು ತಪ್ಪಿಸಲು ಬಲವಾದ ಕಾರಣಗಳಿದ್ದವು. ಅವರಿಗೆ ತಂತಿರಹಿತವೇ ಸರಿಯೆಂದು ತಜ್ಞರು ನಿರ್ಧರಿಸಿದರು. ತೊಡೆಯಲ್ಲಿ ಎರಡು ವಾರ ರಕ್ತ ಹೆಪ್ಪುಗಟ್ಟಿದ ನೀಲಿ ಕಲೆ ಇದ್ದುದನ್ನು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ.

ಇನ್ನೂ ಎರಡು ಸಂಗತಿಗಳನ್ನು ತೂಗಬೇಕು. ತಂತಿರಹಿತ ಸಾಧನದ ಬ್ಯಾಟರಿ ಮುಗಿದಾಗ ಸಾಮಾನ್ಯವಾಗಿ ಅದನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನಿಡುತ್ತಾರೆ. ದಶಕಗಳ ಬಾಳ್ವೆ ಮುಂದಿರುವ ಕಿರಿಯರಿಗೆ ಇದು ಯೋಚಿಸಬೇಕಾದ ವಿಷಯ. ಎರಡನೆಯದು ವೆಚ್ಚ. ತಂತಿಯುಳ್ಳದ್ದಕ್ಕಿಂತ ಇದು ಹಲವು ಪಟ್ಟು ದುಬಾರಿ. ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಯಾವ ಸಾಧನಕ್ಕೆ ಎಷ್ಟು ನೆರವೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ತಿಳಿಯಿರಿ. ಅಗತ್ಯವಿಲ್ಲದ ದುಬಾರಿ ಸಾಧನಕ್ಕೆ ತೋಟ ಅಡವಿಡುವುದು ತಂದೆತಾಯಿಯರ ಸೇವೆಯಾಗದು.

ಆಯುರ್ವೇದ ಔಷಧ ಸೇವಿಸುವವರಿಗೆ

ಯಾವ ಕಷಾಯವೂ, ಚೂರ್ಣವೂ ಸಂಪೂರ್ಣ ಹಾರ್ಟ್ ಬ್ಲಾಕನ್ನು ತೆರೆಯಲಾರದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಸರ್ಪಗಂಧವು ಬಡಿತವನ್ನು ನಿಧಾನಗೊಳಿಸುತ್ತದೆ. ವತ್ಸನಾಭ ಸೇರಿದ ಯೋಗಗಳು ಅಳತೆ ತಪ್ಪಿದರೆ ಲಯವನ್ನು ಕೆಡಿಸುತ್ತವೆ. ಕಣಗಿಲೆ ಗಿಡದ ಭಾಗಗಳು ಹೃದಯಕ್ಕೆ ನೇರ ವಿಷ. ಪೇಸ್‌ಮೇಕರ್ ಇರುವವರು, ನಾಡಿ ನಿಧಾನವಿರುವವರು ತಾವು ಸೇವಿಸುವ ಪ್ರತಿಯೊಂದು ಗುಳಿಗೆ, ಅರಿಷ್ಟಗಳ ಹೆಸರನ್ನು ಹೃದ್ರೋಗ ತಜ್ಞರಿಗೆ ತಿಳಿಸಬೇಕು. ಹಾಗೆಯೇ ಅವರು ಕೊಟ್ಟ ಮಾತ್ರೆಗಳ ಚೀಟಿಯನ್ನು ನಮಗೂ ತೋರಿಸಬೇಕು.

ಮನೆಗೆ ಬಂದ ಮೇಲೆ

ತಂತಿರಹಿತ ಅಳವಡಿಕೆಯ ಬಳಿಕ ಕೆಲವು ದಿನ ಭಾರ ಎತ್ತುವುದು, ಕುಕ್ಕರಗಾಲಿನಲ್ಲಿ ಕೂರುವುದು, ಪದೇ ಪದೇ ಮೆಟ್ಟಿಲೇರುವುದು ಬೇಡ. ತೊಡೆಸಂದಿಯಲ್ಲಿ ಊತ ಬೆಳೆದರೆ, ರಕ್ತ ಒಸರಿದರೆ, ಜ್ವರ ಬಂದರೆ ಆಸ್ಪತ್ರೆಗೆ ತಿಳಿಸಿ. ಎದೆನೋವು, ಉಸಿರುಗಟ್ಟುವಿಕೆ, ಮತ್ತೆ ಕಣ್ಣುಕತ್ತಲೆ ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಸಾಧನದ ಗುರುತುಚೀಟಿ ಸದಾ ಜೇಬಿನಲ್ಲಿರಲಿ. ವೈದ್ಯರು ಹೇಳಿದ ದಿನಗಳಲ್ಲಿ ಸಾಧನದ ತಪಾಸಣೆ ತಪ್ಪಿಸಬೇಡಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟಲಿಂಗ ಧರಿಸಬಹುದೇ? ಧಾರಾಳವಾಗಿ ಧರಿಸಬಹುದು. ಬೆಳ್ಳಿಯ ಕರಡಿಗೆಯಾಗಲಿ ಶಿವದಾರವಾಗಲಿ ಪೇಸ್‌ಮೇಕರಿಗೆ ಬಾಧಕವಲ್ಲ. ತಂತಿಯುಳ್ಳ ಪೇಸ್‌ಮೇಕರಿನ ಗಾಯ ಮಾಯುವವರೆಗೆ ಶಿವದಾರ ಹೊಲಿಗೆಯ ಮೇಲೆ ಉಜ್ಜದಂತೆ ಉದ್ದವನ್ನು ಹೊಂದಿಸಿಕೊಳ್ಳಿ. ಅಯಸ್ಕಾಂತವಿರುವ ಕೊಂಡಿ, ಪದಕಗಳನ್ನು ಎದೆಯ ಮೇಲೆ ಧರಿಸಬೇಡಿ.

ಮೊಬೈಲ್, ಇಂಡಕ್ಷನ್ ಒಲೆ, ತೋಟದ ಯಂತ್ರಗಳು? ಮೊಬೈಲನ್ನು ಎದೆಯ ಜೇಬಿನಲ್ಲಿಡದೆ 15 ಸೆಂಟಿಮೀಟರ್ ದೂರವಿರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ಅಂತರ ಒಳ್ಳೆಯದು. ಕಳೆ ಕತ್ತರಿಸುವ ಯಂತ್ರದ ಕಿಡಿ ಹತ್ತಿಸುವ ಭಾಗವನ್ನು ಎದೆಯಿಂದ ಒಂದು ಅಡಿಯಾದರೂ ದೂರವಿಡಿ. ವೆಲ್ಡಿಂಗ್ ಕೆಲಸ, ವಿದ್ಯುತ್ ಕುಲುಮೆಯ ಸಮೀಪದ ಕೆಲಸ ಮಾಡುವ ಭದ್ರಾವತಿಯ ಕಾರ್ಮಿಕ ಬಂಧುಗಳು ತಜ್ಞರನ್ನು ಕೇಳದೆ ಕೆಲಸಕ್ಕೆ ಮರಳಬಾರದು.

ಎಂ.ಆರ್.ಐ. ಮಾಡಿಸಬಹುದೇ? ನಿಗದಿತ ನಿಯಮಗಳಿಗೆ ಒಳಪಟ್ಟು ಮೈಕ್ರಾದೊಂದಿಗೆ ಮಾಡಿಸಬಹುದು; ಮೊದಲು ಗುರುತುಚೀಟಿ ತೋರಿಸಿ. ಬೇರಾವುದೇ ಶಸ್ತ್ರಚಿಕಿತ್ಸೆಗೆ ಮುನ್ನವೂ ತಿಳಿಸಿ. ತಂತಿರಹಿತ ಸಾಧನಕ್ಕೆ ಹೊರಗುರುತು ಇಲ್ಲವಾದ್ದರಿಂದ ನೀವು ಹೇಳದೆ ಇತರರಿಗೆ ತಿಳಿಯದು.

ಮರಣಾನಂತರ ಸಾಧನವನ್ನು ತೆಗೆಯಬೇಕೇ? ಭೂಸಮಾಧಿ ಮಾಡುವ ನಮ್ಮ ಸಂಪ್ರದಾಯದಲ್ಲಿ ತೆಗೆಯಲೇಬೇಕೆಂದಿಲ್ಲ. ದಹನ ಮಾಡುವವರು ಮಾತ್ರ ಮೊದಲೇ ತಿಳಿಸಬೇಕು. ಬ್ಯಾಟರಿ ಬೆಂಕಿಯಲ್ಲಿ ಸಿಡಿಯುವುದರಿಂದ ಎದೆಯ ಪೇಸ್‌ಮೇಕರನ್ನು ತೆಗೆದ ಬಳಿಕವೇ ದಹನ ಮಾಡುವರು. ತಂತಿರಹಿತದ ಬಗ್ಗೆ ಆಸ್ಪತ್ರೆಯವರನ್ನೂ ಚಿತಾಗಾರದವರನ್ನೂ ಕೇಳಬೇಕು.

ಕೊನೆಯದಾಗಿ

ಮನೆಯಲ್ಲಿ ಅರುವತ್ತು ದಾಟಿದವರಿದ್ದರೆ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ವಾರಕ್ಕೊಮ್ಮೆ, ಅವರು ವಿಶ್ರಾಂತಿಯಲ್ಲಿರುವಾಗ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಐವತ್ತಕ್ಕಿಂತ ಕಡಿಮೆಯಿದ್ದರೆ, ನಡುವೆ ನಿಂತು ನಡೆದರೆ ವೈದ್ಯರಿಗೆ ತೋರಿಸಿ. ಕಾರಣವಿಲ್ಲದ ತಲೆಸುತ್ತು ಅಥವಾ ಬೀಳುವಿಕೆಯಿದ್ದರೆ ನಾಡಿ ಸರಿಯಿದ್ದರೂ ಇ.ಸಿ.ಜಿ. ಮಾಡಿಸಿ; ಅದರಲ್ಲಿ ಏನೂ ಕಾಣದಿದ್ದರೆ ದಿನವಿಡೀ ಬಡಿತವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಯ ಬಗ್ಗೆ ಕೇಳಿ. ನಾಲ್ಕು ತಿಂಗಳು ತಡಮಾಡಿದ ಈ ವೈದ್ಯನ ಅನುಭವ ತಮಗೆ ಎಚ್ಚರಿಕೆಯಾಗಲಿ.

ಸಾಧನ ಹೊಸದೋ ಹಳೆಯದೋ, ತಂತಿಯಿದೆಯೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಈ ರೋಗಿಯ ಹೃದಯದಲ್ಲಿ ಕೆಟ್ಟಿರುವುದೇನು, ಅದಕ್ಕೆ ಯಾವುದು ಸಲ್ಲುವುದು, ಅದನ್ನು ಸರಿಯಾದ ನೆಲೆಯಲ್ಲಿ ನಿಲ್ಲಿಸುವ ಅನುಭವಿ ಕೈ ಎಲ್ಲಿದೆ ಎಂಬುದೇ ಮೊದಲನೆಯದು.